‘ಮೂರು ಹೊತ್ತು’ ಎಂದರೆ ಎಷ್ಟು ಗಂಟೆ? ಆಂಟಿಬಯಾಟಿಕ್ ಮತ್ತು ಕ್ಲಿನಿಕಲ್ ಫಾರ್ಮಸಿಸ್ಟರ ಕೆಲಸ

ಮದ್ದಿನಂಗಡಿಯಲ್ಲಿ ಚೀಟಿ ಕೇಳುವುದೇಕೆ?

‘ಕಳೆದ ಸಲ ಜ್ವರಕ್ಕೆ ಕೊಟ್ಟ ಆ ಕ್ಯಾಪ್ಸೂಲ್ ನಾಲ್ಕು ಕೊಡಿ’ ಎಂದು ಕೇಳಿದರೆ ಮೊದಲೆಲ್ಲ ಕಾಸರಗೋಡಿನ ಅನೇಕ ಮದ್ದಿನಂಗಡಿಗಳಲ್ಲಿ ಮರುಮಾತಿಲ್ಲದೆ ಸಿಗುತ್ತಿತ್ತು. ಈಗ ಅಂಗಡಿಯವರು ಮೊದಲು ಡಾಕ್ಟರ ಚೀಟಿ ಕೇಳುತ್ತಾರೆ, ಚೀಟಿ ಇದ್ದರೂ ಕೆಲವು ಮದ್ದುಗಳಿಗೆ ಹೆಸರು ಬರೆದುಕೊಳ್ಳುತ್ತಾರೆ, ಮಾತ್ರೆಯನ್ನು ನೀಲಿ ಲಕೋಟೆಯಲ್ಲಿ ಹಾಕಿ ಕೊಡುತ್ತಾರೆ. ಇದು ಅಂಗಡಿಯವರು ತಾವಾಗಿ ತಂದ ಕಟ್ಟುನಿಟ್ಟಲ್ಲ. ಕೇರಳ ಸರಕಾರವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಸೋಂಕುಗಳನ್ನು ಎದುರಿಸಲು 2018ರಲ್ಲಿ ‘ಕಾರ್ಸಾಪ್’ ಎಂಬ ಕ್ರಿಯಾಯೋಜನೆಯನ್ನು ರೂಪಿಸಿತು. ದೇಶದಲ್ಲಿ ಇಂಥ ಯೋಜನೆ ಮಾಡಿದ ಮೊದಲ ರಾಜ್ಯ ಅದು. 2024ರ ಜನವರಿಯಲ್ಲಿ ಔಷಧ ನಿಯಂತ್ರಣ ಇಲಾಖೆಯು ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ, ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರುವ ಅಂಗಡಿಗಳ ತಪಾಸಣೆಗೆ ಇಳಿಯಿತು. ನೀಲಿ ಲಕೋಟೆ ಅದೇ ಕಾಲದ ಕ್ರಮ.

ಹೆಸರು ಬರೆದುಕೊಳ್ಳುವ ನಿಯಮವಾದರೋ ಇಡೀ ದೇಶದ್ದು. ‘ಶೆಡ್ಯೂಲ್ ಎಚ್1’ ಎಂಬ ಪಟ್ಟಿ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರಲ್ಲಿರುವ ಪ್ರಬಲ ಆಂಟಿಬಯಾಟಿಕ್‌ಗಳನ್ನು ಮಾರಿದಾಗ ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು, ಮದ್ದಿನ ಹೆಸರು ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಟ್ಟುಕೊಳ್ಳಬೇಕು. ಆದರೆ ಅಂಗಡಿಯಲ್ಲಿ ಆಗುವ ಈ ಕಾವಲು ಕೆಲಸದ ಒಂದು ತುದಿ ಮಾತ್ರ. ಇನ್ನೊಂದು ತುದಿ ಆಸ್ಪತ್ರೆಯ ವಾರ್ಡಿನಲ್ಲಿದೆ. ಅಲ್ಲಿ ಈ ಕೆಲಸವನ್ನೇ ವೃತ್ತಿಯಾಗಿ ಮಾಡುವವರನ್ನು ಕ್ಲಿನಿಕಲ್ ಫಾರ್ಮಸಿಸ್ಟ್ ಎನ್ನುತ್ತಾರೆ. ಪ್ಲಸ್ ಟು ಮುಗಿಸಿದ ಮಕ್ಕಳಿರುವ ಮನೆಗಳಲ್ಲಿಯೂ ಈ ಹೆಸರು ಅಪರೂಪಕ್ಕೆ ಕೇಳಿಬರುತ್ತದೆ.

ಆಂಟಿಬಯಾಟಿಕ್ ಯಾವುದಕ್ಕೆ, ಯಾವುದಕ್ಕಲ್ಲ

ಪಠ್ಯಪುಸ್ತಕಗಳು ‘ಪ್ರತಿಜೀವಕ’ ಎಂದು ಕರೆಯುವ ಆಂಟಿಬಯಾಟಿಕ್, ಬ್ಯಾಕ್ಟೀರಿಯಾ ಎಂಬ ಏಕಕೋಶ ಜೀವಿಗಳನ್ನು ಕೊಲ್ಲುವ ಅಥವಾ ಅವು ಹೆಚ್ಚದಂತೆ ತಡೆಯುವ ಮದ್ದು. ಬ್ಯಾಕ್ಟೀರಿಯಾಕ್ಕೆ ಹೊರಗೋಡೆಯಿದೆ, ಪ್ರೋಟೀನ್ ತಯಾರಿಸುವ ತನ್ನದೇ ಯಂತ್ರವಿದೆ. ಪೆನಿಸಿಲಿನ್ ಗುಂಪಿನ ಮದ್ದು ಆ ಗೋಡೆ ಕಟ್ಟುವುದನ್ನು ತಡೆಯುತ್ತದೆ, ಡಾಕ್ಸಿಸೈಕ್ಲಿನ್ ಆ ಯಂತ್ರವನ್ನು ನಿಲ್ಲಿಸುತ್ತದೆ. ಶೀತ, ಫ್ಲೂ, ಡೆಂಗ್ಯೂಗಳಿಗೆ ಕಾರಣವಾದ ವೈರಸ್ಸಿಗೆ ಅಂಥ ಗೋಡೆಯೂ ಇಲ್ಲ, ಯಂತ್ರವೂ ಇಲ್ಲ. ಆದ್ದರಿಂದ ಆಂಟಿಬಯಾಟಿಕ್ ಅದಕ್ಕೆ ತಾಗುವುದೇ ಇಲ್ಲ.

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ಅದೇ ದ್ರಾವಣವನ್ನು ಹಳದಿ ಎಲೆ ರೋಗ ಬಂದ ಮರಕ್ಕೆ ಎಷ್ಟು ಸಲ ಸಿಂಪಡಿಸಿದರೂ ಮರ ಚೇತರಿಸುವುದಿಲ್ಲ, ಏಕೆಂದರೆ ರೋಗದ ಮೂಲವೇ ಬೇರೆ. ಶೀತಜ್ವರಕ್ಕೆ ಆಂಟಿಬಯಾಟಿಕ್ ನುಂಗಿದ ಮೇಲೆ ಮೂರು ದಿನದಲ್ಲಿ ಜ್ವರ ಬಿಟ್ಟರೆ ಅದು ಮದ್ದಿನ ಗುಣವೆಂದು ತೋರುತ್ತದೆ. ಮದ್ದಿಲ್ಲದಿದ್ದರೂ ಅದು ಬಿಡುವುದಿತ್ತು.

ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದಂತಾಗುವುದು ಹೇಗೆ?

ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ‘ನನ್ನ ದೇಹಕ್ಕೆ ಆ ಮಾತ್ರೆ ಒಗ್ಗಿಹೋಗಿದೆ, ಈಗ ತಾಗುವುದಿಲ್ಲ’ ಎಂದು ಜನ ಹೇಳುತ್ತಾರೆ. ಒಗ್ಗುವುದು ದೇಹವಲ್ಲ, ಬ್ಯಾಕ್ಟೀರಿಯಾ. ಹಾಗೆ ಗಟ್ಟಿಯಾದ ಬ್ಯಾಕ್ಟೀರಿಯಾ ಮನೆಯ ಮತ್ತೊಬ್ಬರಿಗೆ ಹರಡಿದರೆ, ಆ ಮಾತ್ರೆಯನ್ನು ಒಮ್ಮೆಯೂ ಮುಟ್ಟದವರಲ್ಲಿಯೂ ಮದ್ದು ಸೋಲುತ್ತದೆ.

ಎಲ್ಲದರ ಮೂಲ ಅವುಗಳ ವೇಗದಲ್ಲಿದೆ. ಮೂತ್ರದ ಸೋಂಕಿಗೆ ಸಾಮಾನ್ಯ ಕಾರಣವಾದ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಪ್ರಯೋಗಾಲಯದ ಅನುಕೂಲ ಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಲೆಕ್ಕ ಹಾಕಿದರೆ ಒಂದು ಕೋಶ ಹತ್ತು ಗಂಟೆಯಲ್ಲಿ ನೂರು ಕೋಟಿ ದಾಟುತ್ತದೆ. ಇಷ್ಟು ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳದೆ ಇರುವುದಿಲ್ಲ. ಹೆಚ್ಚಿನ ತಪ್ಪುಗಳಿಂದ ಏನೂ ಆಗುವುದಿಲ್ಲ, ಆದರೆ ಎಲ್ಲೋ ಒಂದು ತಪ್ಪು ಆ ಕೋಶವನ್ನು ಮದ್ದಿನಿಂದ ಪಾರು ಮಾಡುತ್ತದೆ. ತರಕಾರಿ ಸಾಲಿಗೆ ಕಳೆನಾಶಕ ಬಿಟ್ಟಾಗ ಮೆದು ಹುಲ್ಲೆಲ್ಲ ಸತ್ತು, ನೆಲದೊಳಗೆ ಗಡ್ಡೆಯಿರುವ ಗಟ್ಟಿ ಕಳೆಯೊಂದು ಉಳಿದರೆ ಮುಂದಿನ ತಿಂಗಳು ಸಾಲಿನ ತುಂಬ ಅದರದೇ ರಾಜ್ಯ. ಕರುಳಿನಲ್ಲಿ, ಚರ್ಮದ ಮೇಲೆ, ಗಂಟಲಿನಲ್ಲಿ ನಮಗೆ ತೊಂದರೆ ಕೊಡದೆ ಬದುಕುವ ಅಸಂಖ್ಯ ಬ್ಯಾಕ್ಟೀರಿಯಾಗಳ ನಡುವೆಯೂ ಪ್ರತಿ ಆಂಟಿಬಯಾಟಿಕ್ ಕೋರ್ಸಿನಲ್ಲಿ ಇದೇ ನಡೆಯುತ್ತದೆ. ಬೇಡದ ಕೋರ್ಸು ಅಪಾಯವೆನ್ನಲು ಇದೇ ಕಾರಣ: ಅಲ್ಲಿ ಕೊಲ್ಲಬೇಕಾದ ಶತ್ರುವೇ ಇರಲಿಲ್ಲ, ಗಟ್ಟಿಯಾದವುಗಳಿಗೆ ಜಾಗ ಮಾತ್ರ ತೆರವಾಯಿತು.

ಪಾರಾಗುವ ದಾರಿಗಳು ಹಲವು. ಕೆಲವು ಬ್ಯಾಕ್ಟೀರಿಯಾಗಳು ಮದ್ದಿನ ಕಣವನ್ನು ಕತ್ತರಿಸುವ ಕಿಣ್ವವನ್ನು ತಯಾರಿಸುತ್ತವೆ, ಕೆಲವು ಒಳಗೆ ಬಂದ ಮದ್ದನ್ನು ಪಂಪಿನಂತೆ ಹೊರಗೆ ಚೆಲ್ಲುತ್ತವೆ, ಇನ್ನು ಕೆಲವು ಮದ್ದು ಹಿಡಿಯುವ ಭಾಗದ ಆಕಾರವನ್ನೇ ಬದಲಿಸಿ, ಬೀಗ ಬದಲಾದ ಮನೆಗೆ ಹಳೆಯ ಕೀಲಿಕೈ ಆಗದಂತೆ ಮಾಡುತ್ತವೆ. ಇದಕ್ಕಿಂತ ಹೆಚ್ಚು ಚಿಂತೆಗೆ ಕಾರಣವಾದದ್ದು ಪ್ಲಾಸ್ಮಿಡ್ ಎಂಬ ಉಂಗುರದಂಥ ಡಿಎನ್ಎ ತುಣುಕು. ಒಂದು ಮನೆಯವರು ಉಪ್ಪಿನಕಾಯಿ ಹಾಕುವ ಕ್ರಮವನ್ನು ಚೀಟಿಯಲ್ಲಿ ಬರೆದು ನೆರೆಮನೆಗೆ ಕೊಟ್ಟಂತೆ, ಪಾರಾಗುವ ಕ್ರಮವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ, ತನ್ನ ಜಾತಿಯದ್ದಲ್ಲದ ಬ್ಯಾಕ್ಟೀರಿಯಾಕ್ಕೂ, ಈ ತುಣುಕಿನ ಮೂಲಕ ದಾಟಿಸಬಲ್ಲದು. ಒಂದೇ ತುಣುಕಿನಲ್ಲಿ ನಾಲ್ಕೈದು ಮದ್ದುಗಳಿಂದ ಪಾರಾಗುವ ಕ್ರಮ ಒಟ್ಟಿಗೆ ಇರುವುದೂ ಉಂಟು.

1928ರಲ್ಲಿ ಲಂಡನ್ನಿನಲ್ಲಿ ಪೆನಿಸಿಲಿನನ್ನು ಗುರುತಿಸಿದ ಅಲೆಕ್ಸಾಂಡರ್ ಫ್ಲೆಮಿಂಗ್, 1945ರಲ್ಲಿ ನೊಬೆಲ್ ಪಡೆದಾಗ ಮಾಡಿದ ಭಾಷಣದಲ್ಲಿಯೇ ಸಾಲದ ಪ್ರಮಾಣದಲ್ಲಿ ಮದ್ದು ತೆಗೆದುಕೊಂಡರೆ ಸೂಕ್ಷ್ಮಜೀವಿಗಳು ಅದನ್ನು ತಡೆದುಕೊಳ್ಳಲು ಕಲಿಯುತ್ತವೆ ಎಂದು ಎಚ್ಚರಿಸಿದ್ದರು. 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ನೇರ ಕಾರಣವಾಗಿತ್ತು.

ಬಳಸುವ ಮದ್ದು, ಉಳಿಸುವ ಮದ್ದು

ವಿಶ್ವ ಆರೋಗ್ಯ ಸಂಸ್ಥೆಯು 2017ರಿಂದ ಆಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಮೊದಲನೆಯದು ‘ಆ್ಯಕ್ಸೆಸ್’, ಅಂದರೆ ಸಾಮಾನ್ಯ ಸೋಂಕಿಗೆ ಮೊದಲು ಕೈಹಾಕಬೇಕಾದ ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥವು. ಎರಡನೆಯದು ‘ವಾಚ್’, ಎಚ್ಚರದಿಂದ ಬಳಸಬೇಕಾದವು. ನಮ್ಮಲ್ಲಿ ಶೀತಕ್ಕೂ ಕೇಳಿ ಪಡೆಯುವ ಅಜಿಥ್ರೋಮೈಸಿನ್ ಮತ್ತು ಸೆಫಿಕ್ಸಿಮ್ ಈ ಗುಂಪಿನವು ಎಂಬುದನ್ನು ಗಮನಿಸಬೇಕು. ಮೂರನೆಯದು ‘ರಿಸರ್ವ್’, ಬೇರೆ ಯಾವುದೂ ನಡೆಯದಾಗ ಮಾತ್ರ ತೆಗೆಯಬೇಕಾದ ಕೊಲಿಸ್ಟಿನ್‌ನಂಥವು. ಕಾಸರಗೋಡಿನ ಗುಡ್ಡಗಳಲ್ಲಿ ಸುರಂಗದ ನೀರನ್ನು ನಂಬಿದ ಮನೆಯವರು ಮೇ ತಿಂಗಳಲ್ಲಿ ಅದನ್ನು ಕುಡಿಯಲು ಮೀಸಲಿಟ್ಟು ದನ ತೊಳೆಯಲು ಬಳಸದಿರುವಂತೆ, ಮೂರನೆಯ ಗುಂಪಿನ ಮದ್ದಿನ ಮೇಲೂ ಕೈ ಹಿಡಿತ ಬೇಕು. ಕೋಳಿ ಮತ್ತಿತರ ಸಾಕುಪ್ರಾಣಿಗಳಿಗೆ ಕೊಲಿಸ್ಟಿನ್ ಬಳಸುವುದನ್ನು ಭಾರತ 2019ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ.

ಆಸ್ಪತ್ರೆಯಲ್ಲಿ ಈ ಹಿಡಿತವನ್ನು ನಿಯಮಬದ್ಧವಾಗಿ ನಡೆಸುವ ವ್ಯವಸ್ಥೆಗೆ ‘ಆಂಟಿಬಯಾಟಿಕ್ ಸ್ಟೀವರ್ಡ್‌ಶಿಪ್’ ಎಂದು ಹೆಸರು. ಅದರ ತಂಡದಲ್ಲಿ ಸೋಂಕುರೋಗ ಬಲ್ಲ ವೈದ್ಯರು, ಪ್ರಯೋಗಾಲಯದ ಸೂಕ್ಷ್ಮಜೀವಿ ತಜ್ಞರು, ದಾದಿಯರು ಮತ್ತು ಕ್ಲಿನಿಕಲ್ ಫಾರ್ಮಸಿಸ್ಟ್ ಇರುತ್ತಾರೆ.

ವಾರ್ಡಿನಲ್ಲಿ ಅವರು ಮಾಡುವುದೇನು?

ಕೌಂಟರಿನ ಹಿಂದೆ ನಿಂತು ಮದ್ದು ಕೊಡುವವರನ್ನಷ್ಟೇ ನಾವು ಫಾರ್ಮಸಿಸ್ಟ್ ಎಂದು ಕಂಡಿದ್ದೇವೆ. ಕ್ಲಿನಿಕಲ್ ಫಾರ್ಮಸಿಸ್ಟ್ ರೋಗಿಯ ಹಾಸಿಗೆಯ ಬಳಿ, ಕೇಸ್ ಶೀಟ್ ಕೈಯಲ್ಲಿ ಹಿಡಿದು ಕೆಲಸ ಮಾಡುವವರು. ರೋಗ ಯಾವುದೆಂದು ನಿರ್ಣಯಿಸುವುದೂ ಮದ್ದು ಬರೆಯುವುದೂ ವೈದ್ಯರ ಕೆಲಸ. ಬರೆದ ಮದ್ದು ಈ ರೋಗಿಗೆ ಈ ಪ್ರಮಾಣದಲ್ಲಿ ಈ ಉಳಿದ ಮದ್ದುಗಳ ಜೊತೆ ಸರಿಹೋಗುತ್ತದೆಯೇ ಎಂದು ಪರಿಶೀಲಿಸಿ ವೈದ್ಯರಿಗೆ ಸೂಚಿಸುವುದು ಇವರ ಕೆಲಸ. ನಮ್ಮ ದೇಶದಲ್ಲಿ ಇವರು ತಾವೇ ಮದ್ದು ಬದಲಿಸುವಂತಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಎಣ್ಮಕಜೆ ಕಡೆಯ 80 ವರ್ಷದ ಅಜ್ಜಿ, ತೂಕ 40 ಕಿಲೋ, ಮೂತ್ರದ ಸೋಂಕು ಮತ್ತು ಚಳಿಜ್ವರದಿಂದ ಆಸ್ಪತ್ರೆ ಸೇರಿದ್ದಾರೆ. ರಕ್ತ, ಮೂತ್ರಗಳ ಮಾದರಿ ತೆಗೆದ ಮೇಲೆ ವೈದ್ಯರು ಮೆರೊಪೆನೆಮ್ ಎಂಬ ಪ್ರಬಲ ಇಂಜೆಕ್ಷನ್ ಆರಂಭಿಸುತ್ತಾರೆ. ಮಾದರಿಯನ್ನು ಮದ್ದಿಗಿಂತ ಮೊದಲು ತೆಗೆಯುವುದು ಮುಖ್ಯ, ಮದ್ದು ಒಳಗೆ ಹೋದ ಮೇಲೆ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು. ಫಾರ್ಮಸಿಸ್ಟ್ ಮೊದಲು ನೋಡುವುದು ಮೂತ್ರಪಿಂಡವನ್ನು, ಏಕೆಂದರೆ ಈ ಮದ್ದು ಬಹುಪಾಲು ಅದರ ಮೂಲಕವೇ ಹೊರಹೋಗಬೇಕು. ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಒಂದು ತ್ಯಾಜ್ಯ, ಡೆಸಿಲೀಟರಿಗೆ 1.5 ಮಿಲಿಗ್ರಾಂ ಎಂದು ವರದಿ ಬಂದಿದೆ. ತುಸು ಹೆಚ್ಚು, ಅಷ್ಟೇ ಎಂದು ತೋರಬಹುದು. ಆದರೆ ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ, ಸ್ನಾಯು ಕರಗಿದ ಮುದಿ ದೇಹದಲ್ಲಿ ಆ ಅಂಕಿ ನಿಜಸ್ಥಿತಿಯನ್ನು ಮರೆಮಾಚುತ್ತದೆ. ಆದ್ದರಿಂದ 1976ರಲ್ಲಿ ಕಾಕ್ರಾಫ್ಟ್ ಮತ್ತು ಗಾಲ್ಟ್ ಎಂಬವರು ಪ್ರಕಟಿಸಿದ ಸೂತ್ರವನ್ನು ಇಂದಿಗೂ ಬಳಸುತ್ತಾರೆ: 140ರಿಂದ ವಯಸ್ಸನ್ನು ಕಳೆದು ತೂಕದಿಂದ ಗುಣಿಸಿ, ಬಂದದ್ದನ್ನು ಕ್ರಿಯಾಟಿನಿನ್ನಿನ 72 ಪಟ್ಟಿನಿಂದ ಭಾಗಿಸಬೇಕು, ಹೆಂಗಸರಾದರೆ ಮತ್ತೆ 0.85ರಿಂದ ಗುಣಿಸಬೇಕು. ಮೂತ್ರಪಿಂಡ ಎಷ್ಟು ವೇಗದಲ್ಲಿ ಸೋಸುತ್ತಿದೆ ಎಂಬುದರ ಅಂದಾಜು ಇದು; ಅಜ್ಜಿಗೆ ಬರುವ ಉತ್ತರ ನಿಮಿಷಕ್ಕೆ ಸುಮಾರು 19 ಮಿಲಿಲೀಟರ್. ಅದೇ 1.5 ಇರುವ 30 ವರ್ಷದ, 65 ಕಿಲೋ ತೂಕದ ಯುವಕನಿಗೆ 66. ಒಂದೇ ಅಂಕಿಯ ಹಿಂದೆ ಎರಡು ಬೇರೆ ಬೇರೆ ಮೂತ್ರಪಿಂಡಗಳಿವೆ.

ಎಂಟು ಗಂಟೆಗೊಮ್ಮೆ 1 ಗ್ರಾಂ ಕೊಡುವ ಮೆರೊಪೆನೆಮನ್ನು ಅಜ್ಜಿಯಂಥವರಿಗೆ ಹನ್ನೆರಡು ಗಂಟೆಗೊಮ್ಮೆ ಅರ್ಧ ಗ್ರಾಮಿಗೆ ಇಳಿಸಬೇಕಾಗುತ್ತದೆ. ಸ್ಥಿತಿ ಗಂಭೀರವಾಗಿದ್ದರೆ ಮೊದಲ ದಿನ ಪೂರ್ಣ ಪ್ರಮಾಣವನ್ನೇ ಕೊಟ್ಟು ಆಮೇಲೆ ಇಳಿಸುವುದೂ ಇದೆ. ಸೂತ್ರವೊಂದನ್ನೇ ನಂಬಿ ಪ್ರಮಾಣ ನಿರ್ಧರಿಸಲಾಗದು, ಆದ್ದರಿಂದಲೇ ವೈದ್ಯರ ಜೊತೆ ಚರ್ಚೆ ಬೇಕಾಗುತ್ತದೆ. ಪ್ರಮಾಣ ಹೆಚ್ಚಾದರೆ ದೇಹಕ್ಕೆ ಹಾನಿ, ಕಡಿಮೆಯಾದರೆ ಬ್ಯಾಕ್ಟೀರಿಯಾಕ್ಕೆ ಪಾಠ. ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಅಳತೆ ತಪ್ಪಿದರೆ ಏನಾಗುತ್ತದೆಂದು ತೋಟದವರಿಗೆ ಹೇಳಬೇಕಾಗಿಲ್ಲ.

ಎರಡನೆಯ ನೋಟ 48ರಿಂದ 72 ಗಂಟೆಗಳ ನಡುವೆ. ಅಷ್ಟರಲ್ಲಿ ಕಲ್ಚರ್ ವರದಿ ಬಂದಿರುತ್ತದೆ. ಪ್ರಯೋಗಾಲಯದವರು ಮಾದರಿಯಿಂದ ಬ್ಯಾಕ್ಟೀರಿಯಾವನ್ನು ಬೆಳೆಸಿ, ಒಂದೊಂದೇ ಆಂಟಿಬಯಾಟಿಕ್ ಎದುರು ಅದನ್ನು ಒಡ್ಡಿ, ಯಾವುದಕ್ಕೆ ಸಾಯುತ್ತದೆ ಮತ್ತು ಯಾವುದಕ್ಕೆ ಇಲ್ಲ ಎಂದು ನೋಡಿರುತ್ತಾರೆ. ವರದಿಯಲ್ಲಿ ಮದ್ದಿನ ಹೆಸರಿನ ಮುಂದೆ ‘ಎಸ್’ ಎಂದಿದ್ದರೆ ಬಗ್ಗುತ್ತದೆ, ‘ಆರ್’ ಎಂದಿದ್ದರೆ ಬಗ್ಗುವುದಿಲ್ಲ. ಅಜ್ಜಿಯ ಬ್ಯಾಕ್ಟೀರಿಯಾ ಇನ್ನೂ ಸೌಮ್ಯವಾದ ಮದ್ದಿಗೆ ಬಗ್ಗುತ್ತದೆಂದು ತಿಳಿದರೆ ಮೆರೊಪೆನೆಮ್ ನಿಲ್ಲಿಸಿ ಅದಕ್ಕೆ ಇಳಿಯಬಹುದು, ಜ್ವರ ಬಿಟ್ಟು ಊಟ ಸೇರುತ್ತಿದ್ದರೆ ಇಂಜೆಕ್ಷನ್ನಿನಿಂದ ಮಾತ್ರೆಗೆ ಬರಬಹುದು. ರೋಗಿ ಚೇತರಿಸುತ್ತಿರುವಾಗ ಮದ್ದು ಇಳಿಸಲು ಮನೆಯವರು ಹೆದರುತ್ತಾರೆ, ‘ಪವರಿನ ಮದ್ದು ಯಾಕೆ ನಿಲ್ಲಿಸಿದ್ದು?’ ಎಂದು ಕೇಳುತ್ತಾರೆ. ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮದ್ದು ಈ ಒಂದು ಸೋಂಕಿಗೆ ಹೆಚ್ಚು ಒಳ್ಳೆಯದೆಂದು ಅರ್ಥವಲ್ಲ ಎಂದು ಸಾವಧಾನವಾಗಿ ವಿವರಿಸುವುದೂ ಈ ಕೆಲಸದ ಭಾಗ.

ಮಾತ್ರೆಗೆ ಬಂದಾಗ ಹೊಸ ತೊಡಕು ಏಳುತ್ತದೆ. ಲೆವೊಫ್ಲಾಕ್ಸಸಿನ್ ಬರೆದಿದ್ದಾರೆ ಎನ್ನೋಣ. ಅಜ್ಜಿ ಮೊಣಕಾಲಿಗೆಂದು ಕ್ಯಾಲ್ಸಿಯಂ ಮಾತ್ರೆಯನ್ನೂ ರಕ್ತಹೀನತೆಗೆಂದು ಕಬ್ಬಿಣದ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಒಟ್ಟಿಗೆ ನುಂಗಿದರೆ ಇವು ಹೊಟ್ಟೆಯಲ್ಲೇ ಆಂಟಿಬಯಾಟಿಕ್ಕನ್ನು ಕಟ್ಟಿಹಾಕಿ ರಕ್ತಕ್ಕೆ ಸೇರದಂತೆ ಮಾಡುತ್ತವೆ. ಕನಿಷ್ಠ ಎರಡು ಗಂಟೆ ಅಂತರ ಬೇಕು. ಕಡತದಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದಿದ್ದರೆ ಅದನ್ನೂ ಕೆದಕಿ ಕೇಳಬೇಕು, ಹಿಂದೊಮ್ಮೆ ಮಾತ್ರೆ ನುಂಗಿ ಹೊಟ್ಟೆ ಕೆಟ್ಟದ್ದನ್ನೇ ಅಲರ್ಜಿ ಎಂದು ಬರೆಸಿರಬಹುದು. ಅಮೆರಿಕದಲ್ಲಿ ಹಾಗೆ ಬರೆಸಿದವರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ನಿಜವಾದ ಅಲರ್ಜಿ ಇರಲಿಲ್ಲ.

ಕೊನೆಯದು ನಿಲ್ಲಿಸುವ ದಿನ. ‘ಕೋರ್ಸ್ ಮುಗಿಸಲೇಬೇಕು’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ತಾವಾಗಿ ಅರ್ಧದಲ್ಲಿ ಬಿಡಬಾರದೆಂಬ ಅರ್ಥದಲ್ಲಿ ಅದು ಇಂದಿಗೂ ಸರಿ. ಆದರೆ ಕೋರ್ಸಿನ ಉದ್ದವೇ ಈಗ ಕಡಿಮೆಯಾಗುತ್ತಿದೆ. ಚೇತರಿಕೆ ಸರಿಯಾಗಿರುವ ಸಾಮಾನ್ಯ ನ್ಯುಮೋನಿಯಾಕ್ಕೆ ಐದು ದಿನ ಸಾಕಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಮುಂಜಾಗ್ರತೆಯ ಆಂಟಿಬಯಾಟಿಕ್ಕಿಗೂ ಕೊಯ್ಯುವ ಮೊದಲಿನ ಒಂದು ಗಂಟೆಯೊಳಗಿನ ಒಂದು ಡೋಸ್ ಹೆಚ್ಚಿನ ಕಡೆ ಸಾಕು. ಎಷ್ಟು ದಿನವೆಂದು ಮೊದಲ ದಿನವೇ ಕೇಸ್ ಶೀಟಿನಲ್ಲಿ ಬರೆಸುವುದು ಫಾರ್ಮಸಿಸ್ಟರ ನಿತ್ಯದ ಒತ್ತಾಯ.

ಈ ವೃತ್ತಿಗೆ ದಾರಿ

ಪ್ಲಸ್ ಟು ಅಥವಾ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆ ಜೀವಶಾಸ್ತ್ರ ಅಥವಾ ಗಣಿತ ಓದಿದವರು ಫಾರ್ಮಸಿ ಸೇರಬಹುದು. ಎರಡು ವರ್ಷದ ಡಿ.ಫಾರ್ಮ್ ಮುಖ್ಯವಾಗಿ ಅಂಗಡಿ ಮತ್ತು ವಿತರಣೆಯ ಕೆಲಸಕ್ಕೆ, ನಾಲ್ಕು ವರ್ಷದ ಬಿ.ಫಾರ್ಮ್ ಕಾರ್ಖಾನೆ, ಪ್ರಯೋಗಾಲಯ, ಮಾರಾಟ ಮುಂತಾದ ಎಲ್ಲ ದಾರಿಗಳಿಗೆ. ವಾರ್ಡಿನ ಕೆಲಸಕ್ಕೆಂದೇ ರೂಪಿಸಿದ್ದು ಫಾರ್ಮ್.ಡಿ. ದೇಶದಲ್ಲಿ 2008ರಲ್ಲಿ ಆರಂಭವಾದ ಈ ಕೋರ್ಸಿಗೆ ಐದು ವರ್ಷದ ಓದು, ಒಂದು ವರ್ಷದ ಆಸ್ಪತ್ರೆ ಇಂಟರ್ನ್‌ಶಿಪ್. ಬಿ.ಫಾರ್ಮ್ ಮುಗಿಸಿದವರು ಮೂರು ವರ್ಷದಲ್ಲಿ ಫಾರ್ಮ್.ಡಿ. ಪಡೆಯಬಹುದು, ಅಥವಾ ಎರಡು ವರ್ಷದ ಎಂ.ಫಾರ್ಮಿನಲ್ಲಿ ‘ಫಾರ್ಮಸಿ ಪ್ರಾಕ್ಟೀಸ್’ ವಿಭಾಗ ಆರಿಸಿಕೊಳ್ಳಬಹುದು. ಮೈಸೂರು ಮತ್ತು ಊಟಿಯ ಜೆಎಸ್ಎಸ್ ಕಾಲೇಜುಗಳು 1990ರ ದಶಕದಲ್ಲಿಯೇ ಈ ವಿಭಾಗವನ್ನು ಆರಂಭಿಸಿ ದಕ್ಷಿಣ ಭಾರತದಲ್ಲಿ ದಾರಿ ತೆರೆದವು.

ಕಾಸರಗೋಡಿನವರಿಗೆ ಎರಡೂ ಕಡೆಯ ಬಾಗಿಲುಗಳಿವೆ. ಕೇರಳದ ಪ್ರವೇಶ ಪ್ರಕ್ರಿಯೆ ಒಂದು, ಕರ್ನಾಟಕದ ಸಿಇಟಿ ಇನ್ನೊಂದು. ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದ್ದು, ದಾಖಲೆಗಳ ಜೊತೆ ಕನ್ನಡ ಬಲ್ಲೆವೆಂದು ತೋರಿಸುವ ಪರೀಕ್ಷೆಯೂ ಇರುತ್ತದೆ. ತಲಪಾಡಿ ದಾಟಿದರೆ ಸಿಗುವ ದೇರಳಕಟ್ಟೆ, ಮಂಗಳೂರು, ಅದರಾಚೆ ಮಣಿಪಾಲಗಳಲ್ಲಿ ದೊಡ್ಡ ಬೋಧನಾ ಆಸ್ಪತ್ರೆಗಳಿಗೆ ಹೊಂದಿಕೊಂಡ ಫಾರ್ಮಸಿ ಕಾಲೇಜುಗಳಿವೆ. ಫಾರ್ಮ್.ಡಿ.ಗೆ ಕಾಲೇಜು ಆರಿಸುವಾಗ ಕಟ್ಟಡಕ್ಕಿಂತ ಮೊದಲು ನೋಡಬೇಕಾದದ್ದು, ವಿದ್ಯಾರ್ಥಿಗಳನ್ನು ನಿಜವಾಗಿ ವಾರ್ಡ್ ರೌಂಡಿಗೆ ಬಿಡುವ ಆಸ್ಪತ್ರೆ ಅದಕ್ಕಿದೆಯೇ ಎಂಬುದನ್ನು. ಕಲಿತ ಮೇಲೆ 1948ರ ಫಾರ್ಮಸಿ ಕಾಯಿದೆಯಂತೆ ರಾಜ್ಯದ ಫಾರ್ಮಸಿ ಕೌನ್ಸಿಲಿನಲ್ಲಿ ನೋಂದಣಿ ಕಡ್ಡಾಯ.

ಕೆಲಸದ ಸ್ಥಿತಿಯನ್ನು ಬಣ್ಣ ಬಳಿಯದೆ ಹೇಳಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಎಂದರೆ ಇಂದಿಗೂ ಹೆಚ್ಚಾಗಿ ವಿತರಣೆ ಮತ್ತು ದಾಸ್ತಾನಿನ ಕೆಲಸ. ಕ್ಲಿನಿಕಲ್ ಹುದ್ದೆಗಳು ಬಹುಮಟ್ಟಿಗೆ ದೊಡ್ಡ ಖಾಸಗಿ ಮತ್ತು ಬೋಧನಾ ಆಸ್ಪತ್ರೆಗಳಲ್ಲಿವೆ. ಆರು ವರ್ಷ ಓದಿದವರು ಅಲ್ಲಿ ಸಿಗುವ ಆರಂಭದ ಸಂಬಳವನ್ನು ನೋಡಿ ಔಷಧ ಸುರಕ್ಷತೆಯ ದಾಖಲೆ ಕೆಲಸಕ್ಕೆಂದು ಬೆಂಗಳೂರಿಗೋ, ಪರವಾನಗಿ ಪರೀಕ್ಷೆ ಬರೆದು ಗಲ್ಫಿಗೋ ಹೋಗುವುದು ಅಪರೂಪವಲ್ಲ. ಆಸ್ಪತ್ರೆಗಳ ಗುಣಮಟ್ಟದ ಮಾನ್ಯತೆಗೆ ಆಂಟಿಬಯಾಟಿಕ್ ಬಳಕೆಯ ನಿಗಾ ಒಂದು ಅಗತ್ಯವಾದ ಮೇಲೆ ಮಾತ್ರ ಬೇಡಿಕೆ ಹೆಚ್ಚಿದೆ.

ಗಡಿಯಲ್ಲಿ ಕನ್ನಡ ಬಲ್ಲವರ ಕೆಲಸ

ನಮ್ಮ ಜಿಲ್ಲೆಯ ರೋಗಿಯ ಕಥೆ ಒಂದೇ ಕಡತದಲ್ಲಿ ಸಿಗುವುದಿಲ್ಲ. ಊರಿನ ಕ್ಲಿನಿಕ್ಕಿನ ಚೀಟಿ ಒಂದು ಕಡೆ, ಮಂಗಳೂರಿನ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಇನ್ನೊಂದು ಕಡೆ, ಮನೆಯ ಡಬ್ಬಿಯಲ್ಲಿ ಅರ್ಧ ಉಳಿದ ಸ್ಟ್ರಿಪ್ ಮತ್ತೊಂದು ಕಡೆ ಇರುತ್ತದೆ. ಆಸ್ಪತ್ರೆಗೆ ಬರುವ ಮೊದಲು ಅಜ್ಜಿ ಆ ಸ್ಟ್ರಿಪ್ಪಿನಿಂದ ಎರಡು ಮಾತ್ರೆ ನುಂಗಿದ್ದರೆ ಕಲ್ಚರಿನಲ್ಲಿ ಏನೂ ಬೆಳೆಯದಿರಬಹುದು. ಅದನ್ನು ಕೇಳಿ ತಿಳಿಯಲು ತುಳು, ಕನ್ನಡ, ಮಲಯಾಳ, ಬ್ಯಾರಿ, ಹವ್ಯಕಗಳಲ್ಲಿ ರೋಗಿಗೆ ಸಲೀಸಾದ ಮಾತು ಬರಬೇಕು. ಮಲಯಾಳ ಲಿಪಿ ಓದಲಾರದ ಹಿರಿಯರು ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಬೇಕಾದಷ್ಟಿದ್ದಾರೆ.

ಮಳೆಗಾಲದ ಇಲಿಜ್ವರವನ್ನು ತೆಗೆದುಕೊಳ್ಳಿ. ಗದ್ದೆ, ತೋಟ, ಚರಂಡಿಯ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಕೇರಳದ ಆರೋಗ್ಯ ಇಲಾಖೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುತ್ತದೆ. ‘ಆಂಟಿಬಯಾಟಿಕ್ ಸುಮ್ಮನೆ ತಿನ್ನಬಾರದು’ ಎಂದು ಒಂದು ಕಡೆ ಕೇಳಿದ ಜನ ಇದನ್ನು ಬೇಡವೆನ್ನಬಹುದು. ಇಲ್ಲಿ ಅಪಾಯ ನಿಜವಾದದ್ದು, ಮದ್ದು ಮೊದಲ ಗುಂಪಿನದು, ಬಳಕೆ ಇಂತಿಷ್ಟೇ ಎಂದು ಲೆಕ್ಕ ಹಾಕಿದ್ದು ಎಂದು ಬಿಡಿಸಿ ಹೇಳಬೇಕು. ಊಟವಾದ ಮೇಲೆ ತುಂಬ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೆ ಮಲಗಿದರೆ ಅನ್ನನಾಳ ಸುಡುತ್ತದೆ ಎಂಬುದನ್ನೂ ಹೇಳಬೇಕು.

ಹಾಗೆಯೇ ‘ಮೂರು ಹೊತ್ತು’ ಎಂಬ ಮಾತು. ಚೀಟಿಯಲ್ಲಿ 1-1-1 ಎಂದಿರುತ್ತದೆ, ಅಂಗಡಿಯವರು ‘ಮೂರು ಹೊತ್ತು ತೆಗೊಳ್ಳಿ’ ಎನ್ನುತ್ತಾರೆ. ನಮ್ಮ ಕಿವಿಗೆ ಹೊತ್ತು ಎಂದರೆ ಊಟದ ಹೊತ್ತು. ಬೆಳಿಗ್ಗೆ ಎಂಟಕ್ಕೆ ತಿಂಡಿಯ ಜೊತೆ ಒಂದು, ಮಧ್ಯಾಹ್ನ ಒಂದಕ್ಕೆ ಒಂದು, ರಾತ್ರಿ ಎಂಟಕ್ಕೆ ಒಂದು. ಹಗಲಿನಲ್ಲಿ ಮೊದಲು ಐದು, ಆಮೇಲೆ ಏಳು ಗಂಟೆಯ ಅಂತರ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಹನ್ನೆರಡು ಗಂಟೆಯ ಖಾಲಿ. ಅಮಾಕ್ಸಿಸಿಲಿನ್‌ನಂಥ ಮದ್ದು ಕೆಲಸ ಮಾಡುವುದು ಅದರ ಮಟ್ಟ ರಕ್ತದಲ್ಲಿ ಸಾಕಷ್ಟು ಹೊತ್ತು ಉಳಿದರೆ ಮಾತ್ರ. ಆ ಉದ್ದ ಖಾಲಿಯ ಕೊನೆಯ ಗಂಟೆಗಳು ಉಳಿದ ಬ್ಯಾಕ್ಟೀರಿಯಾಕ್ಕೆ ಬಿಡುವು. ಆದ್ದರಿಂದ ಬಲ್ಲ ಫಾರ್ಮಸಿಸ್ಟ್ ಲಕೋಟೆಯ ಮೇಲೆ ‘ಮೂರು ಹೊತ್ತು’ ಎಂದು ಬರೆಯುವುದಿಲ್ಲ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ದಪ್ಪ ಅಕ್ಷರದಲ್ಲಿ, ರೋಗಿ ಓದಬಲ್ಲ ಲಿಪಿಯಲ್ಲಿ ಬರೆದು, ಓದಲು ಬಾರದವರಾದರೆ ‘ಅಜ್ಜೀ, ರಾತ್ರಿಯ ಮಾತ್ರೆ ಎಷ್ಟು ಗಂಟೆಗೆ?’ ಎಂದು ಅವರ ಬಾಯಿಂದಲೇ ಒಮ್ಮೆ ಹೇಳಿಸಿ ಕಳುಹಿಸುತ್ತಾರೆ.